ಗಿರಿಜಕ್ಕನ ಚೌರಿ ಜಡೆ

ಔಡಲ ಎಣ್ಣೆಯದು ಒಳ್ಳೆಯ ವಾಸನೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ದಪ್ಪ ವಾಸನೆ ಅದು, ಮೂಗಿಗೆ ಅಂಟಿಕೊಂಡರೆ ಸಂಜೆಯವರೆಗೆ ಬಿಡುವುದಿಲ್ಲ. ಹೋದ ವಾರ ಇಂಡಿ ಊರಿನ ನಮ್ಮ ಮನೆಯ ಕಟ್ಟೆಯ ಮೇಲೆ ಮೊಮ್ಮಗಳು ಕಾವೇರಿ ತಲೆ ಹೆಣೆಸಿಕೊಳ್ಳಲು ನನ್ನ ಮುಂದೆ ಬಂದು ಕೂತಳು. ಕೈಯಲ್ಲಿ ಮೊಬೈಲು. ಅದರಲ್ಲಿ ಅಮೆರಿಕದ ಕರಿಯ ಹುಡುಗಿಯೊಬ್ಬಳು ಓಟ ಗೆದ್ದು, ಮೈಮೇಲೆ ಬಾವುಟ ಹೊದ್ದು ನಿಂತಿದ್ದಳು. ತಲೆ ತುಂಬ ಸಣ್ಣ ಸಣ್ಣ ಜಡೆ, ಜಡೆಯ ತುದಿಗೆಲ್ಲ ಮಣಿ. "ನನಗೂ ಹಿಂಗ ಹೆಣಿ, ಅಜ್ಜಿ" ಅಂದಳು. ಅವಳ ಕೂದಲೂ ನಮ್ಮದೇ, ಹಣಿಗೆಯ ಹಲ್ಲು ಮುರಿಯುವಂಥ ಗುಂಗುರು. ನಾನು ರೂಢಿಯಂತೆ ಗೂಡಿನಿಂದ ಎಣ್ಣೆಯ ಬಾಟಲಿ ತೆಗೆದು ಬಿರಡೆ ಬಿಚ್ಚಿದೆ. ಅಷ್ಟಕ್ಕೇ ಕೈ ನಿಂತುಹೋಯಿತು. ಎದ್ದು ಬಾಗಿಲ ತನಕ ಹೋದೆ, ಬಂದು ಕೂತೆ, ಮತ್ತೆ ಎದ್ದೆ. "ಯಾಕಜ್ಜಿ, ಇರಿವಿ ಕಡೀತೇನು?" ಅಂತ ಅವಳು ನಕ್ಕಳು. ಆಮೇಲೆ ತಾನೇ ಹೇಳಿದಳು: "ಎಣ್ಣಿ ಬ್ಯಾಡ. ಅಲ್ಲಿಯ ಅವ್ವಂದಿರೂ ಮೊದಲ ಕಬ್ಬಿಣದ ಹಣಗಿ ಒಲಿಮ್ಯಾಲ ಕಾಸಿ ಮಕ್ಕಳ ಕೂದಲಾ ನೆಟ್ಟಗ ಎಳೀತಿದ್ರಂತ, ಕಿವಿ ಸುಡತಿತ್ತಂತ. ನಮ್ಮ ಟೀಚರ್ ಹೇಳ್ಯಾರ. ಈಗ ಭಾಳ ಮಂದಿ ಹೆಂಗ ಹುಟ್ಟೇತಿ ಹಂಗ ಇಟಗೋತಾರ." ಅವರ ಹಿರಿಯರನ್ನು ಹಡಗಿನಲ್ಲಿ ತುಂಬಿ ಅತ್ತ ಒಯ್ದರು, ನಮ್ಮ ಹಿರಿಯರನ್ನು ಇನ್ನೊಂದು ಹಡಗಿನಲ್ಲಿ ತುಂಬಿ ಇತ್ತ ಗೋವೆಯ ಕಡೆ ಇಳಿಸಿದರು ಅನ್ನುವುದು ನನಗೆ ಗೊತ್ತಿತ್ತು. ಕೂದಲಿನ ಮೇಲಿನ ಸಿಟ್ಟು ಎರಡೂ ದಂಡೆಯಲ್ಲಿ ಒಂದೇ ಅನ್ನುವುದು ಗೊತ್ತಿರಲಿಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬರೆದರೆ ಬಿಡುತ್ತದೇನೋ ಅಂತ ಬರೆಯುತ್ತಿದ್ದೇನೆ. ನಾನು ಕಲಿತದ್ದು ಐದನೇ ಇಯತ್ತೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾವು ಸಿದ್ದಿಗಳು. ನಮ್ಮ ಮಂದಿ ಹೆಚ್ಚಾಗಿ ಹಳಿಯಾಳ, ಯಲ್ಲಾಪುರದ ಕಾಡಿನಲ್ಲಿದ್ದಾರೆ. ನಮ್ಮ ಅಜ್ಜ ಮಾತ್ರ ಬಾವಿ ತೋಡುವ ಗುಂಪಿನೊಂದಿಗೆ ಈ ಬಯಲಿಗೆ ಬಂದು, ಹೊರ್ತಿಯ ರಾಯರ ಲಿಂಬೆಯ ತೋಟದಲ್ಲಿ ಬಾವಿ ತೋಡಿ, ಅದೇ ಬಾವಿಯ ಪಕ್ಕದಲ್ಲಿ ಉಳಿದುಬಿಟ್ಟ. ತಗಡು ಹೊದಿಸಿದ ಎರಡು ಕೋಣೆ ನಮ್ಮ ಮನೆ. ಬೇಸಿಗೆಯಲ್ಲಿ ತಗಡು ಟಕ್ ಟಕ್ ಅನ್ನುತ್ತಿತ್ತು. ಲಿಂಬೆ ಹೂಬಿಟ್ಟ ಕಾಲಕ್ಕೆ ಹಾಲು ಕೂಡ ಲಿಂಬೆಯ ವಾಸನೆ ಹೊಡೆಯುತ್ತಿತ್ತು. ಮೂಲೆಯಲ್ಲಿ ಹಿರಿಯರದೆಂದು ಒಂದು ತೆಂಗಿನಕಾಯಿ, ಗೋಡೆಗೆ ಆಯಿಯ ದಮಾಮಿ. ಆಯಿ ಅಂದರೆ ಅಪ್ಪನ ತಾಯಿ. ದಮಾಮಿ ಅಂದರೆ ತೊಗಲು ಬಿಗಿದ ನಮ್ಮ ಡೋಲು. ಹಿರಿಯರ ಪೂಜೆಯ ದಿನ ಆಯಿ ಅದನ್ನು ಒಲೆಯ ಮುಂದೆ ಕಾಸಿ, ಕಾಲ ನಡುವೆ ಇಟ್ಟುಕೊಂಡು ಬಡಿದರೆ ಬಾವಿಯ ನೀರು ನಡುಗುತ್ತದೆ ಅಂತ ನಾನು ನಂಬಿದ್ದೆ. ಬಾದಶಹರ ಕಾಲದಲ್ಲಿ ವಿಜಾಪುರದಲ್ಲಿ ನಮ್ಮವರು ವಜೀರರಾಗಿದ್ದರು ಅಂತ ಆಯಿ ಕೊಚ್ಚಿಕೊಳ್ಳುತ್ತಿದ್ದಳು. "ಹಂಗಾರ ವಜೀರನ ಮಮ್ಮಗಾ, ಎದ್ದು ನೀರು ಬಿಡಪಾ" ಅಂತ ಅಪ್ಪನನ್ನು ಪಾಳಿಗೆ ಎಬ್ಬಿಸುತ್ತಿದ್ದವಳೂ ಅವಳೇ. ಅವ್ವ ಸಿಂದಗಿಯ ಕಡೆಯವಳು, ಸಿದ್ದಿ ಅಲ್ಲ. ಅಪ್ಪನನ್ನು ಮೆಚ್ಚಿ ಬಂದವಳು. ನನಗೆ ಎರಡು ವರ್ಷವಾದಾಗ ಜ್ವರ ಬಂದು ಹೋದಳು. ಅವಳ ಮುಖ ನನಗೆ ನೆನಪಿಲ್ಲ, ನೆನಪಿದೆ ಅಂತ ಸುಳ್ಳು ಹೇಳುವುದಿಲ್ಲ. ಅವಳ ಬಣ್ಣ, ಸ್ವಲ್ಪ ಸಡಿಲವಾದ ಸುರುಳಿಗೂದಲು ಅಕ್ಕ ಗಿರಿಜಾಳಿಗೆ ಬಂದಿದ್ದವು. ನಾನು ಪೂರ್ತಿ ಅಪ್ಪನ ಅಚ್ಚು, ತಲೆ ಮುಳ್ಳುಕಂಟಿ.

ಗಿರಿಜಕ್ಕ ಓಡುತ್ತಿದ್ದಳು. ಲಿಂಬೆಯ ಚೀಲ ಹೇರಿಕೊಂಡ ಟೆಂಪೋ ತೋಟದಿಂದ ಹೊರಟ ಮೇಲೆ ರಾಯರಿಗೆ ಏನಾದರೂ ನೆನಪಾಗುವುದು ಇದ್ದದ್ದೇ. ಚೀಟಿ ಮರೆತಿರುತ್ತಿತ್ತು, ಇಲ್ಲವೇ ಒಂದು ಚೀಲವೇ ಉಳಿದಿರುತ್ತಿತ್ತು. "ಗಿರಿಜೀ" ಅಂತ ಒಂದು ಕೂಗು ಹಾಕಿದರೆ ಸಾಕು. ಟೆಂಪೋ ಗಾಡಿದಾರಿಯಲ್ಲಿ ಸುತ್ತಿ ಇಂಡಿ ರಸ್ತೆಗೆ ಏರುವುದರೊಳಗೆ ಅವಳು ಕಾಲುವೆಯ ಏರಿ ಹಿಡಿದು, ಗಿಡಗಳ ಸಂದಿಯಲ್ಲಿ ಬಗ್ಗಿ, ರಸ್ತೆಯ ತಿರುವಿನಲ್ಲಿ ಕೈ ಅಡ್ಡ ಮಾಡಿ ನಿಂತಿರುತ್ತಿದ್ದಳು. ಬರಿಗಾಲು. ಲಿಂಬೆಯ ಮುಳ್ಳು ಚುಚ್ಚಿದರೆ ತಿರುಗಿ ಬಂದು ಕೂತು ತೆಗೆಯುವಳೇ ಹೊರತು ನಡುವೆ ನಿಂತವಳಲ್ಲ. ಡ್ರೈವರು "ಈಕಿಗೆ ಡೀಸಲ್ ಯಾರ ಹಾಕ್ತಾರೋ ಮಾರಾಯ" ಅನ್ನುತ್ತಿದ್ದ. ಓಡುವಾಗ ಅವಳ ಮುಖ ನೋಡಬೇಕಿತ್ತು. ಯಾರ ಮೇಲೂ ಸಿಟ್ಟಿಲ್ಲದ ಮುಖ. ಉಳಿದ ಹೊತ್ತಿನಲ್ಲಿ ಅಂಥ ಮುಖ ಅವಳಿಗೆ ಇರಲಿಲ್ಲ. ಸಾಲೆಯಲ್ಲಿ ಹುಡುಗರು ಹಿಂದಿನಿಂದ ಬಂದು ಅವಳ ಕೂದಲಲ್ಲಿ ಬಳಪ ಸಿಗಿಸುತ್ತಿದ್ದರು, ಬೀಳುತ್ತದೋ ಇಲ್ಲವೋ ಅಂತ ಪಂದ್ಯ. ಬಸ್ಸಿನಲ್ಲಿ ಗೊತ್ತಿಲ್ಲದ ಹೆಂಗಸರು ತಲೆ ಮುಟ್ಟಿ ನೋಡಿ "ಯಾವ ದೇಶದವರವ್ವಾ?" ಅಂತ ಕೇಳುತ್ತಿದ್ದರು. ಹೊರ್ತಿಯವರು ಅಂದರೆ ನಗುತ್ತಿದ್ದರು. ನನಗೆ ಬೈಯಲು ಬರುತ್ತಿತ್ತು, ಬೈದು ಹಗುರಾಗುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ, ಒಳಗೇ ಇಟ್ಟುಕೊಳ್ಳುತ್ತಿದ್ದಳು.

ಅವಳಿಗೆ ಹದಿಮೂರು, ನನಗೆ ಹನ್ನೊಂದು ಆದಾಗ ಹಳಿಯಾಳದಿಂದ ಅಪ್ಪನ ಕಾಕಾನ ಮಗ ಕಾರ್ಡು ಬರೆದ. ಅಪ್ಪನಿಗೆ ಓದಲು ಬಾರದು. ರಾಯರ ಹೆಂಡತಿ ಓದಿ ಹೇಳಿದರು. ಅವರನ್ನು ನಾವು ಬಾಯಾರು ಅನ್ನುತ್ತಿದ್ದೆವು. ಸರಕಾರದವರು ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿ, ಪಟ್ಟಣದ ಹಾಸ್ಟೆಲಿನಲ್ಲಿಟ್ಟು, ಊಟ, ಬೂಟು, ಸಾಲೆ ಎಲ್ಲ ಕೊಡುತ್ತಾರಂತೆ. ಬಯಲಲ್ಲಿ ಚದುರಿ ಹೋದವರಿಗಾಗಿ ಇಂಥ ದಿನ ಬಸವನ ಬಾಗೇವಾಡಿಗೆ ಬರುತ್ತಾರಂತೆ. ಅಪ್ಪ ಕಾರ್ಡು ಇಸಕೊಂಡು ಓದಲು ಬರುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಗಿರಿಜಕ್ಕ ಹೊರಗೆ ಹೋಗಿ ಬಾವಿಯ ಸುತ್ತ ಮೂರು ಸುತ್ತು ಓಡಿ ಬಂದಳು. ಆರಿಸಿಕೊಂಡರೆ ಅವಳು ಲಿಂಬೆ ಹರಿಯುವುದು ತಪ್ಪುತ್ತದೆ, ಹದಿನೈದಕ್ಕೆ ಮದುವೆಯಾಗುವುದು ತಪ್ಪುತ್ತದೆ. ಇಷ್ಟು ನನಗೂ ತಿಳಿದಿತ್ತು.

ಇನ್ನು ನಾವು ಮಾಡಿದ ತಪ್ಪು. ಪಟ್ಟಣಕ್ಕೆ, ಅದೂ ದೊಡ್ಡವರ ಮುಂದೆ ಹೋಗುವಾಗ ಹೇಗೆ ಹೋಗಬೇಕು? ಚೆನ್ನಾಗಿ ಹೋಗಬೇಕು. ಚೆನ್ನಾಗಿ ಅಂದರೆ ಊರ ಮಂದಿಯ ಹಾಗೆ. ಅದರಾಚೆ ನಮಗಾಗಲಿ, ನಮ್ಮನ್ನು ಕಂಡು ಮರುಗುವವರಿಗಾಗಲಿ ಏನೂ ಹೊಳೆಯಲಿಲ್ಲ. ಬಾಯಾರು ತಮ್ಮದೊಂದು ಹಳೆಯ ಚೌರಿ ತಂದುಕೊಟ್ಟರು. ಕೂದಲು ಗಿಡ್ಡ ಇದ್ದವರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಸುಳ್ಳು ಕೂದಲು ಅದು, ಉದ್ದ, ರೇಷಿಮೆಯ ಹಾಗೆ. "ಛಲೋ ಕಾಣಬೇಕವಾ ಹುಡುಗಿ, ಮಂದ್ಯಾಗ ಹೋಗತಾಳ" ಅಂದರು. ಆಯಿ ಮುಂಜಾನೆಯೇ ಕೂತು ಬಾಟಲಿಯ ಔಡಲ ಎಣ್ಣೆಯೆಲ್ಲ ಗಿರಿಜಕ್ಕನ ತಲೆಗೆ ಸುರಿದಳು. ನಾನು ಹಿಂದೆ ಕೂತು ಎರಡೂ ಕೈಯಿಂದ ಎಳೆದು ಹಿಡಿದೆ. ಬೈತಲೆ ತೆಗೆದು, ಒದ್ದೆ ಅರಿವೆ ಬಿಗಿದು ಕಟ್ಟಿ, ಒಣಗಿದ ಮೇಲೆ ಚೌರಿ ಸೇರಿಸಿ ಸೊಂಟದ ತನಕ ಜಡೆ ಹೆಣೆದೆವು. ಮುಖಕ್ಕೆ ಪೌಡರು. "ಆಯೀ, ಜಗ್ಗಬ್ಯಾಡ, ಕಣ್ಣು ಮ್ಯಾಲ ಹೊಂಟಾವು" ಅಂದಳು ಅಕ್ಕ. "ಹೋಗಲಿ ಬಿಡು, ಬಾಗೇವಾಡಿ ಮಟ್ಟ ಕಾಣತೈತಿ" ಅಂದಳು ಆಯಿ. ನನ್ನ ತಲೆಗೆ ಎಣ್ಣೆ ಉಳಿಯಲಿಲ್ಲ. ನಾನು ಬುತ್ತಿಯ ಗಂಟು ಹೊರಲು ಹೊರಟವಳು, ನನ್ನ ತಲೆ ಹೇಗಿದ್ದರೆ ಯಾರಿಗೇನು.

ಬಾಗೇವಾಡಿಯ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿದ್ದರು. ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬ ಸಾಹೇಬ, ಕಾಗದ ಹಿಡಿದ ಇನ್ನೊಬ್ಬ. ಹಾಸ್ಟೆಲಿನ ಊಟದ ಸುದ್ದಿ ಕೇಳಿ ಸುತ್ತಲ ಊರಿನ ನೂರೆಂಟು ಮಂದಿ ತಮ್ಮ ಮಕ್ಕಳೂ ಸಿದ್ದಿಗಳೇ ಅಂತ ಕರೆದುಕೊಂಡು ಬಂದಿದ್ದರು. ಸಾಹೇಬರು ಅದಕ್ಕೇ ಬೇಸತ್ತಿದ್ದರು ಅಂತ ಈಗ ಅನಿಸುತ್ತದೆ. ಓಡಿಸುವ ಮೊದಲು ಸಾಲಾಗಿ ನಿಲ್ಲಿಸಿ ತಲೆ ನೋಡುತ್ತ ಬಂದರು. ಗಿರಿಜಕ್ಕನ ಮುಂದೆ ನಿಂತು ಜಡೆ ಎತ್ತಿ ನೋಡಿ, "ನೀ ಹಿಂದ ಹೋಗು" ಅಂದರು. ಅಪ್ಪ ಕೈ ಮುಗಿದ.

"ನನ್ನ ಮಗಳ್ರಿ ಸಾಹೇಬ್ರ. ನಾ ಸಿದ್ದಿ ಅದೇನಿ, ನೋಡ್ರಿ ನನ್ನ."

"ನಿನ್ನ ನೋಡೇನಪಾ, ಮಗಳ್ನೂ ನೋಡೇನಿ. ಮುಂಜಾನಿಂದ ಎಲ್ಲಾರೂ ಇದನ್ನ ಹೇಳಾಕತ್ತಾರ."

ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ನಾನು ಗೆರೆಯಾಚೆ ಗಂಟು ಹಿಡಿದು ನಿಂತಿದ್ದೆ. "ಇಗೋ, ಈಕಿ ಖರೇ. ಬಾ ಇಲ್ಲಿ" ಅಂತ ಕೈ ಹಿಡಿದು ಜಗ್ಗಿ ಸಾಲಿನಲ್ಲಿ ನಿಲ್ಲಿಸಿದರು. ಅಪ್ಪ ನಕ್ಕುಬಿಟ್ಟ, ಹೆದರಿದಾಗ ನಗುವವನು ಅವನು. "ಆಕಿಗೆ ಓಡಾಕ ಬರಂಗಿಲ್ರಿ, ಅಕ್ಕನ ಓಡಿಸಿ ನೋಡ್ರಿ. ಅದು ಚೌರಿ ಐತ್ರಿ, ಸುಳ್ಳ ಕೂದಲಾ" ಅಂದ. ಆಮೇಲೆ ಅಕ್ಕನ ಕಡೆ ತಿರುಗಿ, "ಗಿರಿಜೀ, ಬಿಚ್ಚವ್ವ ಅದನ್ನ. ನಳದಾಗ ತಲಿ ತೊಳಕೊಂಡು ಬಾ, ನೋಡಲಿ" ಅಂದ. ನಳ ಹತ್ತು ಮಾರಿನಲ್ಲೇ ಇತ್ತು. ಸಾಹೇಬರು ಕಾಯುತ್ತೇನೆ ಅಂತ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎಲ್ಲರೂ ತಿರುಗಿ ಅವಳ ತಲೆಯನ್ನೇ ನೋಡುತ್ತಿದ್ದರು. ಗಿರಿಜಕ್ಕ ಜಡೆಯನ್ನು ಮುಂದಕ್ಕೆ ತಂದುಕೊಂಡು ಎರಡೂ ಕೈಯಲ್ಲಿ ಹಿಡಿದಳು. "ಓಡೂದು ನೋಡೂದಾದ್ರ ಓಡ್ತೇನಿ. ಕೂದಲಾ ನೋಡೂದಾದ್ರ ಮನಿಗೆ ಹೋಗ್ತೇನಿ" ಅಂದಳು. ದನಿ ಏರಿಸಲಿಲ್ಲ. ಅಪ್ಪ ಮತ್ತೆ ಹೇಳಿದ, ಬೈದ, ಕೈ ಕೂಡ ಎತ್ತಿದ. ಅವಳು ನನ್ನ ಕೈಯಿಂದ ಗಂಟು ಇಸಕೊಂಡು, ಗಿಡದ ನೆರಳಿಗೆ ಹೋಗಿ, ರೊಟ್ಟಿ ಶೇಂಗಾ ಹಿಂಡಿ ಬಿಚ್ಚಿ ತಿನ್ನಲು ಕೂತಳು. ನನ್ನ ಪಾಲಿನದನ್ನೂ ತಿಂದಳು. ನಾನು ಓಡಿದೆ. ಎಷ್ಟನೆಯವಳಾಗಿ ಬಂದೆ ಅಂತ ಯಾರೂ ಕೇಳಲಿಲ್ಲ; ಹೆಸರು ಬರೆದುಕೊಂಡರು.

ಚೌರಿಯನ್ನು ಅಕ್ಕ ಮರುದಿನ ತೊಳೆದು, ಹಣಿಗೆ ಹಾಕಿ, ಕಾಗದದಲ್ಲಿ ಸುತ್ತಿ ಬಾಯಾರಿಗೆ ತಿರುಗಿ ಕೊಟ್ಟಳು. "ನಾ ಛಲೋದಕ್ಕ ಕೊಟ್ಟಿದ್ದೆನವಾ" ಅಂದರು ಅವರು, ಕಣ್ಣೀರು ಹಾಕಿದರು ಕೂಡ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಯಿ ಮಾತ್ರ ಆ ವರ್ಷ ದಮಾಮಿ ಇಳಿಸಲಿಲ್ಲ. ಹಿರಿಯರಿಗೆ ಬರಿಯ ಕಾಯಿ ಒಡೆದು ಮುಗಿಸಿದಳು. ನಾನು ಹಾಸ್ಟೆಲಿಗೆ ಹೋದೆ. ತತ್ತಿ ಕೊಟ್ಟರು, ಹಾಲು ಕೊಟ್ಟರು, ಜೀವನದಲ್ಲಿ ಮೊದಲ ಸಲ ಬೂಟು ಹಾಕಿದೆ. ನನ್ನಂಥ ಕೂದಲಿನ ಹುಡುಗಿಯರು ಅಲ್ಲಿ ಸಾಲು ಸಾಲು ಇದ್ದರು, ಅವರಲ್ಲಿ ಕೆಲವರು ಮುಂದೆ ಪದಕ ತಂದರು, ಪೇಪರಿನಲ್ಲಿ ಬಂದರು. ಅವರು ಓಡುವುದನ್ನು ನೋಡಿದಾಗಲೆಲ್ಲ ಇವರ ನಡುವೆ ಯಾರು ಇರಬೇಕಿತ್ತು ಅಂತ ನನಗೆ ಗೊತ್ತಾಗುತ್ತಿತ್ತು. ಒಂದೂವರೆ ವರ್ಷ ಓಡಿಸಿ, ಈಕಿಯಿಂದ ಆಗುವುದಿಲ್ಲ ಅಂತ ಮನೆಗೆ ಕಳಿಸಿದರು. ಸಾಲೆ ಅಲ್ಲಿಗೇ ಹರಿಯಿತು. ತಿರುಗಿ ಬರುವಷ್ಟರಲ್ಲಿ ಅಕ್ಕನನ್ನು ಮುದ್ದೇಬಿಹಾಳದ ಕಡೆ ಕಲ್ಲು ಒಡೆಯುವವನಿಗೆ ಕೊಟ್ಟಾಗಿತ್ತು. ಆಮೇಲೆ ಆಯಿ ಹೋದಳು, ಅಪ್ಪ ಹೋದ, ರಾಯರ ಮಕ್ಕಳು ತೋಟ ಮಾರಿದರು. ಈಗ ಅಲ್ಲಿ ದ್ರಾಕ್ಷಿಯ ಚಪ್ಪರ. ಬಾವಿ ಮುಚ್ಚಿದ್ದಾರೆ. ನಮ್ಮ ಎರಡು ಕೋಣೆ ಎಲ್ಲಿದ್ದವು ಅಂತ ಹುಡುಕಿದರೆ ಔಷಧ ಹೊಡೆಯುವ ಡ್ರಮ್ಮು ಇಟ್ಟಿದ್ದಾರೆ. ನಿಮ್ಮ ಹುಟ್ಟಿದ ಮನೆಯ ಜಾಗದಲ್ಲೂ ಏನೋ ಒಂದು ಇಟ್ಟಿರುತ್ತಾರೆ, ಹೋಗಿ ನೋಡಬೇಡಿ.

ಎರಡು ವರ್ಷದ ಹಿಂದೆ ಅಕ್ಕನಿಗೆ ಮೂತ್ರಪಿಂಡದ ಬೇನೆ ಬಲಿತಾಗ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದಳು, ಕಾಲು ಬಾತಿದ್ದವು. ಅದೂ ಇದೂ ಮಾತಾಡಿದ ಮೇಲೆ, ನಾನು ನಲವತ್ತು ವರ್ಷದಿಂದ ಆಡದ ಮಾತು ಆಡಿದೆ.

"ಆವತ್ತ ಬಿಚ್ಚಬೇಕಿತ್ತು ನೀ. ಏನ ಹೋಗತಿತ್ತು ನಿಂದು?"

ಅವಳು ಸಿಟ್ಟಾಗಲಿಲ್ಲ. "ನಾಗೀ, ಬಾಗೇವಾಡಿಗೆ ಹೋಗುವಾಗ ಬಸ್ಸಿನ್ಯಾಗ ನನ್ನ ಬಾಜೂಕ ಒಬ್ಬಾಕಿ ಕುಂತಿದ್ಳು. ಯಾರ ಮಗಳವ್ವ ನೀ, ಎಷ್ಟನೇ ಇಯತ್ತೆ ಅಂತ ಕೇಳಿದ್ಳು. ಮತ್ತೇನೂ ಕೇಳಲಿಲ್ಲ. ಕಿಡಿಕಿ ಕಡೆ ಮಾರಿ ಮಾಡಿ ನಿದ್ದಿ ಹೋದ್ಳು. ನನ್ನ ಬಾಜೂಕ ಕುಂತು ಯಾರರೆ ನಿದ್ದಿ ಹೋಗಿದ್ದು ಅದ ಮೊದಲು. ಅದನ್ನ ಅಷ್ಟ ಲಗೂನ ಬಿಚ್ಚಿ ಒಗೀಲೇನು?" ಆಮೇಲೆ ನನ್ನ ಕಡೆ ಹೊರಳಿ, "ನಿನ್ನ ಜಗ್ಗಿ ನಿಂದರಿಸಿದ್ರಲ್ಲ, ನಿನಗೇನ ಅನಸ್ತು?" ಅಂತ ಕೇಳಿದಳು.

"ಅಂಜಿಕಿ ಆತು" ಅಂದೆ.

"ಹೂಂ" ಅಂದಳು.

ಅಂಜಿಕೆಯಾಗಿರಲಿಲ್ಲ. ಅಕ್ಕನನ್ನು ಬಿಟ್ಟು ನನ್ನನ್ನು ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು, ನನಗೆ ಹಿಗ್ಗು ತಡೆಯಲಾಗಿರಲಿಲ್ಲ. ಬಿಚ್ಚಕ್ಕಾ ಅಂತ ಅಪ್ಪನ ಜೊತೆ ನಾನೂ ಒಂದು ಮಾತು ಅಂದಿದ್ದರೆ ಅವಳು ಕೇಳುತ್ತಿದ್ದಳೋ ಏನೋ. ಅಪ್ಪ ಅಷ್ಟು ಗೋಗರೆಯುವಾಗ ನಾನು ಬಾಯಿ ಮುಚ್ಚಿಕೊಂಡು, ಎಲ್ಲಿ ಬಿಚ್ಚಿಬಿಡುತ್ತಾಳೋ ಅಂತ ಅವಳ ಕೈಯನ್ನೇ ನೋಡುತ್ತ ನಿಂತಿದ್ದೆ. ಇಂಡಿಗೆ ಹೊರಡುವ ಬಸ್ಸಿನ ಹೊತ್ತಾದಾಗ ನಿಲ್ದಾಣದ ಅರ್ಧ ದಾರಿ ನಡೆದವಳು, ಇದನ್ನು ಹೇಳಿಯೇ ಬಿಡಬೇಕು ಅಂತ ತಿರುಗಿ ಬಂದೆ. ಅವಳು ಗಾಢ ನಿದ್ದೆಯಲ್ಲಿದ್ದಳು. ಬಹಳ ದಿನದ ಮೇಲೆ ನಿದ್ದೆ ಹತ್ತಿದೆ, ಎಬ್ಬಿಸಬೇಡಿ ಅಂದಳು ಅವಳ ಸೊಸೆ. ನಾನು ಹೊರಸಿನ ಪಕ್ಕ ಸ್ವಲ್ಪ ಹೊತ್ತು ನಿಂತೆ. ಬಸ್ಸು ತಪ್ಪುತ್ತದೆ ಅಂತ ಹೊರಟುಬಿಟ್ಟೆ. ಹತ್ತು ದಿನಕ್ಕೆ ಸುದ್ದಿ ಬಂತು.

ಎಬ್ಬಿಸಬೇಕಿತ್ತು.