ವಿಭಾಳನ್ನು ಟೆಂಪೋ ಹತ್ತಿಸಿದ ಬೆಳಿಗ್ಗೆ

ಸೂರತ್ತಿನ ಮನೆಯಲ್ಲಿ ಮೊದಲ ದಿನ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ನೆಲ ನಡುಗುತ್ತಿತ್ತು. ಹಿಂದಿನ ವರ್ಷವಷ್ಟೇ ಕಿಲ್ಲಾರಿಯ ಭೂಕಂಪ ನಮ್ಮ ಗದಗಿನಲ್ಲೂ ಪಾತ್ರೆಗಳನ್ನು ಅಲುಗಾಡಿಸಿತ್ತು. ಆ ಹೆದರಿಕೆ ಮೈಯಲ್ಲಿ ಇನ್ನೂ ಹಸಿಯಾಗಿತ್ತು. ಇಬ್ಬರೂ ಮಕ್ಕಳನ್ನು ಬಾಚಿಕೊಂಡು ಮೆಟ್ಟಿಲಿಳಿದು ಓಣಿಗೆ ಓಡಿದೆ. ಓಟ್ಲೊ ಎಂದು ಅಲ್ಲಿಯವರು ಕರೆಯುವ ಬಾಗಿಲ ಮುಂದಿನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಗೋದಿ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಆಮೇಲೆ ನನ್ನ ಹಿಂದೆ ಯಾರೂ ಇಳಿದು ಬರಲಿಲ್ಲವೆಂದು ಕಂಡು ನಗು ನಿಲ್ಲಿಸಿದರು.

"ಬೇನ್ ಕ್ಯಾಂ ಛೇ?" ಎಂದಳು ಒಬ್ಬಳು. ಅಕ್ಕ ಎಲ್ಲಿ ಎಂದು, ನನ್ನ ಹೆಂಡತಿಯನ್ನು ಕುರಿತು.

"ಆಫೀಸ್," ಎಂದೆ.

ಗೋದಿಯ ಮೊರಗಳು ಮತ್ತೆ ಆಡತೊಡಗಿದವು. ಮಾತು ಮಾತ್ರ ಶುರುವಾಗಲಿಲ್ಲ.

ನೆಲ ನಡುಗುತ್ತಿದ್ದುದು ಕೆಳಗಿನ ವಜ್ರದ ಕಾರ್ಖಾನೆಯಿಂದ. ಕತಾರ್‌ಗಾಮ್ ಎಂಬ ಆ ಬಡಾವಣೆಯಲ್ಲಿ ಮನೆಗೊಂದರಂತೆ ಅಂಥವಿದ್ದವು. ತಿರುಗುವ ತಟ್ಟೆಗಳ ಸುತ್ತ ಹುಡುಗರು ಬಗ್ಗಿ ಕೂತು ಸಾಸಿವೆಕಾಳಿನಷ್ಟು ಕಲ್ಲುಗಳನ್ನು ಮಸೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಆ ಗುಂಯ್‌ಗುಡುವಿಕೆ ಅಂಗಾಲಿನಿಂದ ಹತ್ತಿ ಹಲ್ಲಿನ ಬೇರಿನಲ್ಲಿ ಕೂರುತ್ತಿತ್ತು.

ನಾನು ಗದಗಿನ ಒಂದು ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವ. ಆಫ್‌ಸೆಟ್ ಬಂದ ಮೇಲೆ ಮೊಳೆಗಳೆಲ್ಲ ತೂಕಕ್ಕೆ ಹೋದವು, ನಾನು ಮನೆಗೆ ಬಂದೆ. ಅದೇ ಹೊತ್ತಿಗೆ ನನ್ನ ಹೆಂಡತಿ ಸುಮಿತ್ರಾಗೆ ರೈಲ್ವೆಯಲ್ಲಿ ಟಿಕೇಟು ಕೌಂಟರಿನ ನೌಕರಿಯಾಗಿ ಸೂರತ್ ಸಿಕ್ಕಿತು. ಮಗಳು ವಿಭಾಗೆ ಐದು ತುಂಬಿತ್ತು, ಗಿರಿ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದ. ಸುಮಿತ್ರಾ ದುಡಿಯುವುದು, ನಾನು ಮನೆ ನೋಡುವುದು ಎಂದು ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದೆವು. ಗದಗಿನಲ್ಲಾಗಿದ್ದರೆ ನನ್ನನ್ನು ಕೆಲಸವಿಲ್ಲದವ ಎನ್ನುತ್ತಿದ್ದರು. ಸೂರತ್ತಿನಲ್ಲಿ ಅಂಥದೊಂದು ಜಾತಿಯೇ ಇರಲಿಲ್ಲ. ಹಾಲಿನವನಿಂದ ಹಿಡಿದು ಎಲ್ಲರೂ ಕೇಳುವುದು ಒಂದೇ, ಏನು ಧಂಧೆ ಮಾಡ್ತೀರಿ? "ಘರ್ ಸಂಭಾಳೂ ಛೂಂ," ಮನೆ ನೋಡಿಕೊಳ್ಳುತ್ತೇನೆ, ಎಂದು ನಾನು ಕಲಿತ ಮೊದಲ ಗುಜರಾತಿ ವಾಕ್ಯ ಹೇಳಿದರೆ ಅವರು ನನ್ನ ಉಚ್ಚಾರ ತಪ್ಪಿದೆ ಎಂದುಕೊಂಡು ಮತ್ತೆ ಕೇಳುತ್ತಿದ್ದರು.

ನಾನು ತೊಟ್ಟಿಲ ಬಟ್ಟೆ ಒಣಹಾಕಲು ಇಳಿದರೆ ಕಟ್ಟೆ ಖಾಲಿಯಾಗುತ್ತಿತ್ತು. ಆ ಮೌನವನ್ನು ಮುರಿದದ್ದು ರೊಟ್ಟಿ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎದುರುಮನೆಯ ಶಾರದಾಬೇನ್ ಬಾಗಿಲಿಗೆ ಬಂದು ನಿಂತಳು. ಸೌರಾಷ್ಟ್ರದ ಕಡೆಯವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಕಾಂಜಿಭಾಯಿ ಕೆಳಗಿನ ಕಾರ್ಖಾನೆಯಲ್ಲೇ ವಜ್ರ ಮಸೆಯುತ್ತಿದ್ದ. ಅವರ ಸಜ್ಜೆ ರೋಟಲಾಕ್ಕೂ ನಮ್ಮ ಜೋಳದ ರೊಟ್ಟಿಗೂ ಅಂಥ ದೂರವಿಲ್ಲ. ಅವರದು ದಪ್ಪ, ನಮ್ಮದು ತೆಳು. ನನ್ನ ಕೈಯ ಕೆಳಗೆ ತಿರುಗುತ್ತಿದ್ದ ರೊಟ್ಟಿಯನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅಳುತ್ತಿದ್ದ ಗಿರಿಯ ಕಡೆ ಕೈಚಾಚಿ, "ಮನೇ ಆಪೋ," ಎಂದಳು.

ವಿಭಾ ಗಾಬರಿಯಾಗಿ ನನ್ನ ಕಾಲು ಹಿಡಿದಳು. "ಅಪ್ಪಾ, ನಮ್ಮ ಮನೀ ಕೇಳಾಕತ್ತಾಳ!"

ಮನೇ ಎಂದರೆ ಗುಜರಾತಿಯಲ್ಲಿ 'ನನಗೆ'. ಕೂಸನ್ನು ನನ್ನ ಕೈಗೆ ಕೊಡು ಎಂದಿದ್ದಳು ಅಷ್ಟೇ. ಆ ದಿನದಿಂದ ನಾನು ಬಸುಭಾಯಿ ಆದೆ. ಕಟ್ಟೆಯ ತುದಿಯಲ್ಲಿ ನನಗೂ ಒಂದು ಜಾಗ ಸಿಕ್ಕಿತು.

ಮಳೆಗಾಲದಲ್ಲಿ ತಾಪಿ ನದಿ ಉಕ್ಕಿತು. ನಮ್ಮ ಗದಗಿನಲ್ಲಿ ನೀರು ಬರಲಿ ಎಂದು ಕೊಡ ಸಾಲಿಗಿಟ್ಟು ಕಾಯುವುದು ಅಭ್ಯಾಸ. ಇಲ್ಲಿ ನೀರು ಹೋಗಲಿ ಎಂದು ಕಾಯಬೇಕಾಯಿತು. ಇಳಿದ ಮೇಲೆ ತಗ್ಗಿನ ಓಣಿಗಳಲ್ಲಿ ಅದು ಬಿಟ್ಟುಹೋದ ಕೆಸರು ಒಣಗದೆ ಕೂತಿತು. ಕಸ ಎತ್ತುವವರು ಬರಲಿಲ್ಲ. ತೆರೆದ ಗಟಾರಗಳ ಮೇಲೆ ಹಸಿರು ಕೆನೆ ಕಟ್ಟಿತು. ಗಣಪತಿ ಕಳಿಸಿದ ಮಾರನೆಯ ದಿನ ವಿಭಾ ಹಿತ್ತಲಿನಿಂದ ಬಂದು, "ಅಪ್ಪಾ, ಇಲಿ ಮಲಗೇತಿ. ಎಬ್ಬಿಸಿದ್ರೂ ಏಳವಲ್ದು," ಎಂದಳು.

ಓಡಿಹೋದೆ. ಅವಳ ಕೈಯಲ್ಲಿ ಕಡ್ಡಿಯಿತ್ತು. ಇಲಿ ನೀರಿನ ತೊಟ್ಟಿಯ ಪಕ್ಕ, ಹಗಲು ಬೆಳಕಿನಲ್ಲಿ, ಬಯಲಿನಲ್ಲಿ ಬಿದ್ದಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು. ಕಾರ್ಖಾನೆಯ ಗೋಡೆಯ ಬುಡದಲ್ಲಿ ಮತ್ತೊಂದು.

ನನ್ನ ಅಜ್ಜಿ ತಾನು ಸಣ್ಣವಳಿದ್ದಾಗಿನ ಪ್ಲೇಗಿನ ಮಾತು ಹೇಳುತ್ತಿದ್ದಳು. ಮೊದಲು ಜಂತಿಯಿಂದ ಇಲಿ ಬೀಳುತ್ತಿದ್ದವಂತೆ. ಆಮೇಲೆ ಡಂಗುರ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಕೂರುತ್ತಿತ್ತಂತೆ. ಅದನ್ನು ನಾವು ಕಥೆಯೆಂದೇ ಕೇಳಿದ್ದೆವು. ಮಗಳ ಕೈಯ ಕಡ್ಡಿ ಕಸಿದು ಒಗೆದು, ಅವಳ ಕೈಯನ್ನು ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದೆ. ಉರಿಯುತ್ತದೆ ಎಂದು ಅತ್ತಳು. ನಾನು ಬಿಡಲಿಲ್ಲ.

"ನೀರಿನಲ್ಲಿ ಮುಳುಗಿ ಸತ್ತಿವೆ," ಎಂದಳು ಶಾರದಾಬೇನ್. ಹೇಳಿದವಳ ಮುಖದಲ್ಲೂ ನಂಬಿಕೆ ಇರಲಿಲ್ಲ.

ಎರಡು ದಿನ ಬಿಟ್ಟು ಪಕ್ಕದ ಓಣಿಯ ಒಬ್ಬ ಕೆಲಸಗಾರ ಬೆಳಿಗ್ಗೆ ಕೆಮ್ಮಿದ, ಸಂಜೆಗೆ ಇರಲಿಲ್ಲ. ಮಾರನೆಯ ದಿನ ಎಲ್ಲರ ಬಾಯಲ್ಲೂ ಅದೊಂದೇ ಶಬ್ದ, ಪ್ಲೇಗು. ಕುಡಿಯುವ ನೀರಿಗೆ ಯಾರೋ ವಿಷ ಹಾಕಿದ್ದಾರೆ ಎಂದು ಕೆಲವರು, ಅಲ್ಲ, ಗಾಳಿಯಲ್ಲೇ ಬರುತ್ತದೆ ಎಂದು ಕೆಲವರು. ಔಷಧಿ ಅಂಗಡಿಗಳಲ್ಲಿ ಗುಳಿಗೆ ಮುಗಿದವು. ವಿಭಾಳನ್ನು ತೋರಿಸುತ್ತಿದ್ದ ಡಾಕ್ಟರರ ದವಾಖಾನೆಗೆ ಬೀಗ ಬಿದ್ದಿತ್ತು. ಮಧ್ಯಾಹ್ನ ಕೆಳಗಿನ ಚಕ್ರಗಳು ನಿಂತವು. ಅಷ್ಟು ತಿಂಗಳು ನಾನು ಬೈಯುತ್ತಿದ್ದ ಆ ಗುಂಯ್‌ಗುಡುವಿಕೆ ಇಲ್ಲದೆ ಮನೆ ಸತ್ತಂತೆ ಅನ್ನಿಸಿತು. ಗಿರಿ ನೆಲಕ್ಕೆ ಅಂಗೈ ಒತ್ತಿ ಒತ್ತಿ ನೋಡಿದ.

ಸುಮಿತ್ರಾ ಸಂಜೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದಳು. ಬಾಗಿಲಲ್ಲೇ ನಿಂತು, ಮಕ್ಕಳು ಹತ್ತಿರ ಬರದಂತೆ ಕೈ ಅಡ್ಡ ಹಿಡಿದಳು. ಸ್ನಾನ ಮಾಡಿ ಬಂದ ಮೇಲೂ ಅವರನ್ನು ಮುಟ್ಟಲಿಲ್ಲ.

"ಎಲ್ಲಿಗೆ ಬೇಕ್ರಿ ಟಿಕೇಟು ಅಂತ ಕೇಳಿದ್ರ, ಎಲ್ಲಿಗರ ಕೊಡ್ರಿ ಅಂತಾರ," ಎಂದಳು. "ಊರ ಹೆಸರೂ ಹೇಳವಲ್ರು. ಎಲ್ಲಾರೂ ನನ್ನ ಕಿಟಕಿಗೇ ಮಾರಿ ಒತ್ತಿ ಉಸರ ಬಿಡ್ತಾರ."

"ನೀನೂ ರಜಾ ಹಾಕು. ಎಲ್ಲಾರೂ ಹೋಗೂಣು."

"ರಜಾ ಎಲ್ಲಾ ರದ್ದು ಮಾಡ್ಯಾರ. ನಾವೂ ಎದ್ದು ಹೋದ್ರ ಇವರನ್ನ ಹತ್ತಿಸೋರು ಯಾರು? ನೀವು ಹುಡುಗರನ್ನ ಕರ್ಕೊಂಡು ಗದಗಕ್ಕ ಹೋಗ್ರಿ. ಹೆಂಗರ ಮಾಡಿ ಗಾಡಿ ಹತ್ತಸ್ತೀನಿ."

ಟೆಲಿಫೋನ್ ಬೂತಿಗೆ ಹೋಗಿ ಅಣ್ಣನಿಗೆ ಹಚ್ಚಿದೆ. ಬಹಳ ಪ್ರಯತ್ನದ ಮೇಲೆ ಲೈನು ಸಿಕ್ಕಿತು. ಅಣ್ಣ ನನ್ನನ್ನು ಎತ್ತಿ ಆಡಿಸಿದವನು. ಮಕ್ಕಳನ್ನು ಕರೆದುಕೊಂಡು ಬರುವ ವಿಷಯ ಹೇಳಿದೆ.

"ಬಸೂ, ತಪ್ಪು ತಿಳ್ಕೋಬ್ಯಾಡ. ಓಣ್ಯಾಗ ಆಗಲೇ ಕೇಳಾಕತ್ತಾರ, ನಿನ್ನ ತಮ್ಮ ಬರೋನಿದ್ದಾನೇನು ಅಂತ. ನಮ್ಮ ಮನ್ಯಾಗೂ ಸಣ್ಣ ಹುಡುಗರದಾವ. ಸ್ವಲ್ಪ ದಿನಾ ಅಲ್ಲೇ ತಡಕೋ."

"ಆತಣ್ಣಾ," ಎಂದೆ. ಫೋನ್ ಇಟ್ಟು ಬೂತಿನವನಿಗೆ ದುಡ್ಡು ಕೊಟ್ಟೆ.

ಬೆಳಿಗ್ಗೆ ಸುಮಿತ್ರಾ ಡ್ಯೂಟಿಗೆ ಹೋದ ಮೇಲೆ ಗಿರಿಯನ್ನು ಎತ್ತಿಕೊಂಡೆ. ಮೈ ಕಾದ ಹಂಚಿನಂತಿತ್ತು. ಕಣ್ಣು ಅರ್ಧ ತೆರೆದೇ ಇದ್ದವು.

ಹೊರಗೆ ಟೆಂಪೋ ಬಂದು ನಿಂತ ಸದ್ದು. ಕಾಂಜಿಭಾಯಿಯ ಬಳಗವೆಲ್ಲ ಗಂಟುಮೂಟೆ ಸಮೇತ ಊರಿಗೆ, ಅಮರೇಲಿ ಕಡೆಯ ಪೀಪಳವಾ ಎಂಬ ಹಳ್ಳಿಗೆ, ಹೊರಟಿತ್ತು. ಶಾರದಾಬೇನ್ ಮೆಟ್ಟಿಲ ಕೆಳಗಿನಿಂದ ಕೂಗಿದಳು, "ಬಸುಭಾಯಿ, ಮಕ್ಕಳನ್ನು ಎತ್ತಿಕೊಂಡು ಬನ್ನಿ! ಜಾಗ ಇಟ್ಟಿದ್ದೇನೆ!" ಅವಳ ಗುಜರಾತಿ ಅಷ್ಟು ಹೊತ್ತಿಗೆ ನನಗೆ ಸಲೀಸಾಗಿ ತಿಳಿಯುತ್ತಿತ್ತು.

ಗಿರಿಗೆ ಶಾಲು ಹೊದಿಸಿ ಸುಮ್ಮನೆ ಹತ್ತಿ ಕೂರಬಹುದಿತ್ತು. ಆ ಗದ್ದಲದಲ್ಲಿ ಯಾರು ಮುಟ್ಟಿ ನೋಡುತ್ತಿದ್ದರು? ಆದರೆ ಆ ಗಾಡಿಯ ತುಂಬ ಅವರ ಮಕ್ಕಳಿದ್ದರು. ಮೆಟ್ಟಿಲ ಮೇಲೆ ನಿಂತು, "ಗಿರಿಗೆ ಜ್ವರ," ಎಂದೆ.

ಟೆಂಪೋದಲ್ಲಿದ್ದ ಗಂಡಸರು ಒಮ್ಮೆಗೇ ಹಿಂದೆ ಸರಿದರು. ಒಬ್ಬ ಡ್ರೈವರನಿಗೆ ಗಾಡಿ ಶುರು ಮಾಡಲು ಹೇಳಿದ. ಶಾರದಾಬೇನ್ ಮಾತ್ರ ಇದ್ದಲ್ಲೇ ನಿಂತಿದ್ದಳು. ನನ್ನನ್ನು ನೋಡಿದಳು, ನನ್ನ ಹಿಂದಿದ್ದ ವಿಭಾಳನ್ನು ನೋಡಿದಳು.

"ಇವಳಿಗೆ?"

"ಇವಳಿಗೇನಿಲ್ಲ."

ಅವಳು ಎರಡೂ ಕೈ ಚಾಚಿದಳು. "ಛೋಕ್ರೀ ಮನೇ ಆಪೋ."

ಮಗಳನ್ನು ನನಗೆ ಕೊಡಿ.

ಸುಮಿತ್ರಾಳನ್ನು ಕೇಳುವ ದಾರಿಯಿರಲಿಲ್ಲ. ಆ ಹಳ್ಳಿ ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸಲೂ ನನಗೆ ಬರುತ್ತಿರಲಿಲ್ಲ. ಕಾಂಜಿಭಾಯಿ ಹೆಂಡತಿಯನ್ನು ಗದರಿದ. ಅವಳು ತಿರುಗಿಯೂ ನೋಡಲಿಲ್ಲ. ನಾನು ಒಳಗೆ ಹೋಗಿ ವಿಭಾಳ ಎರಡು ಲಂಗ, ಹೊದಿಕೆ ಚೀಲಕ್ಕೆ ತುಂಬಿದೆ. ಗಿರಿಯನ್ನು ಮುಟ್ಟಿದ ಕೈಯಿಂದ ಅವಳನ್ನು ಎತ್ತಲು ಹೆದರಿ, "ನಡಿಯವ್ವಾ, ಶಾರದಾಮಾಸಿ ಕೂಡ ಹೋಗು," ಎಂದೆ. ಅವಳು ತಾನೇ ಮೆಟ್ಟಿಲಿಳಿದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅಳಲಿಲ್ಲ. ನಾನೂ ಬರುತ್ತೇನೆಂದೇ ಅವಳು ತಿಳಿದಿದ್ದಳು.

ಓಣಿಯುದ್ದಕ್ಕೂ ಬೀಗಗಳು. ಗಿರಿಯನ್ನು ಹೆಗಲಿಗೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ನಡೆದೇ ಹೊರಟೆ. ಮಗುವಿನ ಮುಖ ನೋಡಿದರೆ ರಿಕ್ಷಾದವರು ನಿಲ್ಲಿಸುತ್ತಿರಲಿಲ್ಲ. ಒಳಗೆ ಹೋದವರನ್ನು ಹೊರಗೆ ಬಿಡುವುದಿಲ್ಲವೆಂಬ ಸುದ್ದಿಯಿತ್ತು. ಗೇಟಿನಲ್ಲಿ ಪೊಲೀಸರಿದ್ದರು. ನಾನು ಹೋದೆ. ಒಬ್ಬ ಎಳೆಯ ಡಾಕ್ಟರಮ್ಮ, ನಿದ್ದೆಯಿಲ್ಲದ ಕಣ್ಣಿನವಳು, ಎದೆಗೆ ನಳಿಗೆಯಿಟ್ಟು ಕೇಳಿ, ರಕ್ತ ತೆಗೆದುಕೊಂಡು, ಕಾರಿಡಾರಿನಲ್ಲಿ ಕೂರಲು ಹೇಳಿದಳು. ಪಕ್ಕದ ಕೋಣೆಯಿಂದ ಬರುತ್ತಿದ್ದ ಕೆಮ್ಮು ಒಮ್ಮೆ ನಿಂತಿತು. ಮತ್ತೆ ಶುರುವಾಗಲೆಂದು ನಾನು ಕಾಯ್ದೆ. ಶುರುವಾಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಮ್ಮ ಬಂದಳು. "ಮಲೇರಿಯಾ," ಎಂದಳು ಹಿಂದಿಯಲ್ಲಿ. "ಬರೀ ಮಲೇರಿಯಾ. ಇವನನ್ನು ಇಲ್ಲಿಂದ ಬೇಗ ಕರೆದುಕೊಂಡು ಹೋಗಿ." ನಾನು ಅವಳೆದುರು ನಕ್ಕೆನೋ ಅತ್ತೆನೋ ನೆನಪಿಲ್ಲ. ಅವಳು ನನ್ನ ಭುಜ ತಟ್ಟಿ ಮುಂದಿನ ಮಂಚಕ್ಕೆ ಹೋದಳು.

ಸಂಜೆ ಸುಮಿತ್ರಾ ಬಂದು ಮನೆಯೊಳಗೆ ಕಣ್ಣಾಡಿಸಿದಳು. "ವಿಭಾ ಎಲ್ಲಿ?"

ಹೇಳಿದೆ. ಅವಳು ಕರವಸ್ತ್ರ ಬಿಚ್ಚಲೂ ಮರೆತು ಗೋಡೆಗೆ ಆನಿಕೊಂಡಳು.

"ಯಾರ ಕೈಯಾಗ ಕೊಟ್ರಿ? ಅವರ ಅಡ್ಡಹೆಸರರ ಗೊತ್ತೈತೇನು ನಿಮಗ?"

ಗೊತ್ತಿರಲಿಲ್ಲ.

"ನಾ ಅಲ್ಲಿ ಊರ ಮಂದಿನೆಲ್ಲಾ ಗಾಡಿ ಹತ್ತಸ್ತಿದ್ದೆ. ನನ್ನ ಮಗಳು ಹೋಗೋದು ನಾ ನೋಡಲಿಲ್ಲಲ್ರಿ," ಎಂದಳು. ಆಮೇಲೆ ಮೂರ್ನಾಲ್ಕು ದಿನ ಅವಳು ನನ್ನೊಡನೆ ಗಿರಿಯ ಔಷಧಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಪೇಪರಿನಲ್ಲಿ ಬರುತ್ತಿದ್ದುದನ್ನು ದಿನವೂ ಎರಡೆರಡು ಸಲ ಓದುತ್ತಿದ್ದೆ. ಸೂರತ್ತಿನಿಂದ ಹೋದವರನ್ನು ಹಳ್ಳಿಗಳವರು ಊರಾಚೆಯೇ ತಡೆಯುತ್ತಿದ್ದಾರೆ ಎಂದು. ಕೊನೆಗೆ ಸುಮಿತ್ರಾಳ ಜೊತೆಯ ಒಬ್ಬರು ರೈಲ್ವೆಯ ಫೋನಿನಲ್ಲಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಸುದ್ದಿ ದಾಟಿಸಿದರು. ಆ ಕಡೆಯ ಯಾವುದೋ ಸಣ್ಣ ಸ್ಟೇಷನ್ನಿನ ಮಾಸ್ತರರು ಸೈಕಲ್ಲಿನಲ್ಲಿ ಆಳು ಕಳಿಸಿದರಂತೆ. ಉತ್ತರವೂ ಹಾಗೇ ಕೈಯಿಂದ ಕೈಗೆ ದಾಟಿ ಬಂತು. ಹಳ್ಳಿಯವರು ಅವರನ್ನು ಒಳಗೆ ಬಿಟ್ಟಿಲ್ಲ. ವಾಡಿಯಲ್ಲಿ, ಅಂದರೆ ಹೊಲದ ಗುಡಿಸಲಿನಲ್ಲಿ, ಇದ್ದಾರೆ. ಕನ್ನಡದ ಹುಡುಗಿ ಚೆನ್ನಾಗಿದ್ದಾಳೆ. ಮೇಕೆಮರಿಯ ಜೊತೆ ಮಲಗುತ್ತೇನೆಂದು ಹಟ ಮಾಡುತ್ತಾಳೆ.

ಸುಮಿತ್ರಾ ಅದನ್ನು ನನಗೆ ಹೇಳುತ್ತ ಮೊದಲ ಸಲ ಅತ್ತಳು.

ದೀಪಾವಳಿಗೆ ಮುಂಚೆ ಅವರು ಮರಳಿದರು. ಓಣಿಯನ್ನು ಸುಣ್ಣ, ಔಷಧಿ ಹೊಡೆದು ತೊಳೆದಿದ್ದರು. ಚಕ್ರಗಳು ಮತ್ತೆ ತಿರುಗುತ್ತಿದ್ದವು. ವಿಭಾ ಬಿಸಿಲಿಗೆ ಕಪ್ಪಾಗಿದ್ದಳು, ಕೆನ್ನೆ ತುಂಬಿದ್ದವು. ಸುಮಿತ್ರಾ ಕೈಚಾಚಿದಾಗ ಅವಳು ಶಾರದಾಬೇನಳ ಸೆರಗಿನ ಹಿಂದೆ ಸರಿದು, "ಹೂಂ ನಥೀ ಆವತೀ," ಎಂದಳು. ನಾನು ಬರುವುದಿಲ್ಲ. ಶಾರದಾಬೇನಳೇ ಅವಳನ್ನು ಬೈದು, ಎತ್ತಿ, ತಾಯಿಯ ತೊಡೆಯ ಮೇಲೆ ಕೂರಿಸಿದಳು. ಆಮೇಲೆ ತನ್ನ ಮನೆಯ ಬೀಗ ತೆಗೆದು ಒಳಗೆ ಹೋದವಳು ಆ ದಿನ ಹೊರಗೆ ಬರಲಿಲ್ಲ.

ಮಗಳು ನಮ್ಮ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುವುದು ಹಾಗೇ ಉಳಿಯಿತು. ನನ್ನ ಮೇಲಿನ ಸಿಟ್ಟು ಹೋಗಲು ಇನ್ನೂ ಕೆಲವು ವಾರ ಬೇಕಾದವು. ಅದು ಪೂರ್ತಿ ಹೋಗಿದೆಯೇ ಎಂಬುದು ನನಗೆ ಗೊತ್ತಿಲ್ಲ. ಈಗಲೂ ಎಲ್ಲಾದರೂ ಬಿಟ್ಟು ಹೊರಟರೆ, ಕಾರಣವಿಲ್ಲದೆ, ನನ್ನ ಅಂಗಿಯ ತುದಿ ಹಿಡಿಯುತ್ತಾಳೆ.

ಬೇಸಿಗೆಯಲ್ಲಿ ಗದಗಿಗೆ ಹೋದೆವು. ಅಣ್ಣ ಸ್ಟೇಷನ್ನಿಗೇ ಬಂದಿದ್ದ. ಗಿರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯವರೆಗೂ ಇಳಿಸಲಿಲ್ಲ. ಫೋನಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಜಾಗದಲ್ಲಿದ್ದರೆ ನಾನೇನು ಹೇಳುತ್ತಿದ್ದೆನೋ. ಅತ್ತಿಗೆ ಬಿಸಿ ರೊಟ್ಟಿ, ಎಣಗಾಯಿ ಬಡಿಸಿದರು. ಎಲ್ಲರೂ ನಕ್ಕು ಮಾತಾಡಿದೆವು. ಆದರೂ ಆ ಮನೆಯಲ್ಲಿ ನಾನು ಯಾವ ಕೋಣೆಯಲ್ಲಿ ಕೂತರೂ ನೆಂಟನಂತೆ ಅಂಚಿಗೆ ಕೂರುತ್ತಿದ್ದೆ.

ಸಂಜೆ ಪಕ್ಕದ ಮನೆಯ ಮುದುಕಿ ಬಂದು ವಿಭಾಳ ಗಲ್ಲ ಹಿಡಿದಳು.

"ಯಾವೂರವ್ವಾ ನಿಂದು?"

ನಾನೂ ಅಣ್ಣನೂ ಒಟ್ಟಿಗೇ ಅವಳ ಕಡೆ ತಿರುಗಿದೆವು. ಗದಗ ಎನ್ನುತ್ತಾಳೋ ಸೂರತ್ ಎನ್ನುತ್ತಾಳೋ ಎಂದು.

"ಪೀಪಳವಾ," ಎಂದಳು ವಿಭಾ.

ಮುದುಕಿ ನನ್ನನ್ನು ಕೇಳಿದಳು, "ಅದೆಲ್ಲಿ ಐತೋ ಬಸೂ?"

"ನಾನೂ ನೋಡಿಲ್ಲಬೇ," ಎಂದೆ.