ನಮ್ಮ ಮನ್ಯಾಗ ಯಾರಿಗೂ ಇಲ್ರಿ

ಕೊಟ್ಟೂರಿನ ಆ ಡಾಕ್ಟರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಹೊರಗಿನ ಬೆಂಚಿಗೂ ಕೇಳುವಂತೆ, "ಮನ್ಯಾಗ ಮತ್ಯಾರಿಗೈತ್ರಿ ಹಿಂಗ?" ಎನ್ನುತ್ತಿದ್ದರು.

ಮದುವೆಗೆ ಮೊದಲು ಎದೆನೋವೆಂದು ಹೋದಾಗ ನನಗೂ ಅದನ್ನೇ ಕೇಳಿದರು. ಇಸಿಜಿಯಲ್ಲಿ ಏನೂ ಇರಲಿಲ್ಲ. ನಮ್ಮಪ್ಪನಿಗೂ ಅಜ್ಜನಿಗೂ ಇದೇ ನೋವಿತ್ತು. ಆದರೆ ಬೆಂಚಿನ ಮೇಲೆ ಕೂಡ್ಲಿಗಿಯ ಭಾವೀ ಮಾವ ಕೂತಿದ್ದರು. ಮನೆತನದ ಕಾಯಿಲೆ ಎಂದರೆ ಸಂಬಂಧ ಮುರಿದಂತೆಯೇ. "ಯಾರಿಗೂ ಇಲ್ರಿ, ನಮ್ಮದು ಕಬ್ಬಿಣದಂಥ ಮನಿತನ" ಎಂದು ಎದೆ ತಟ್ಟಿಕೊಂಡೆ, ನೋಯುವ ಕಡೆಯೇ.

ನನ್ನ ಹಿಂದೆ ತಮ್ಮದೂ ಏನೋ ನೋವು ತೋರಿಸಲು ಒಳಹೋದ ಮಾವನೂ "ನಮ್ಮ ಮನ್ಯಾಗ ಯಾರಿಗೂ ಇಲ್ರಿ" ಎಂದರು. ಎಂಥ ಗಟ್ಟಿ ಸಂಬಂಧ ಸಿಕ್ಕಿತೆಂದು ಹಿಗ್ಗಿಬಿಟ್ಟೆ, ಪೆದ್ದ.

ಮುಂದೆ ನನ್ನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆನೋವೆಂದು ಮುದುಡಿ ಮಲಗಿದಳು. ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ. "ಓದು ತಪ್ಪಿಸಾಕ ನಾಟಕ ಮಾಡ್ತಾಳ" ಎಂದು ಬೈಯುತ್ತಲೇ ಅವಳನ್ನು ಕರೆದುಕೊಂಡು ನಾನೂ ಹೆಂಡತಿಯೂ ಅದೇ ಡಾಕ್ಟರ ಮುಂದೆ ಕೂತೆವು. ಜೊತೆಗೆ ಬಂದ ಮಾವ ಬೆಂಚಿನ ಮೇಲೆ ಕೂತರು.

"ನೋವು ಖರೇನ ಐತಿ," ಎಂದರು ಡಾಕ್ಟರು. "ಮನಸಿನ ಚಿಂತಿ ಮೈಗೆ ಇಳಿದೈತಿ. ಕೆಲವು ಮನಿತನದಾಗ ಮೂಗು, ಕಣ್ಣು ಬಂದಂಗ ಇದೂ ಬರ್ತೈತಿ. ಮನ್ಯಾಗ ಮತ್ಯಾರಿಗೈತ್ರಿ?"

"ಯಾರಿಗೂ ಇಲ್ರಿ," ಎಂದೆವು ಇಬ್ಬರೂ ಒಟ್ಟಿಗೆ.

ಡಾಕ್ಟರು ಕನ್ನಡಕ ಇಳಿಸಿ ನನ್ನ ಎದೆಯ ಮೇಲಿದ್ದ ಕೈ ನೋಡಿದರು. ಹೆಂಡತಿ ತನ್ನ ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನೂ ನೋಡಿದರು.

"ಈ ಕೂಸು ನಾಟಕ ಮಾಡಾಕತ್ತಿಲ್ರಿ. ನಾಟಕ ಮಾಡೋರು ನೀವು!"

ತೆರೆದ ಬಾಗಿಲಾಚೆ ಬೆಂಚಿನ ಮೇಲಿದ್ದ ಮಾವ, ಎದೆ ಒತ್ತಿ ಹಿಡಿದಿದ್ದ ಕೈಯನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿದರು.