ಬಟ್ಟಲು ಹಚ್ಚುವ ಖಾಲಾ
ಕೊಲ್ಹಾರದ ನಮ್ಮ ಓಣಿಯಲ್ಲಿ ಬೆನ್ನುನೋವಿನ ಹೆಂಗಸರಿಗೆ ಗಾಜಿನ ಬಟ್ಟಲು ಹಚ್ಚುವವಳೊಬ್ಬಳಿದ್ದಳು. ಊರಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಬಟ್ಟಲೊಳಗೆ ಉರಿಯುವ ಹತ್ತಿಯನ್ನು ಆಡಿಸಿ ತೆಗೆದು, ಅಂಚನ್ನು ತನ್ನ ಮುಂಗೈಗೆ ತಾಗಿಸಿ ಬಿಸಿ ನೋಡಿ, ತಟ್ಟನೆ ಬೆನ್ನಿಗೆ ಕವುಚುತ್ತಿದ್ದಳು. ಚರ್ಮ ಉಬ್ಬಿ ಬಟ್ಟಲು ಕಚ್ಚಿಕೊಳ್ಳುತ್ತಿತ್ತು. "ಅಲ್ಲಾಡಬ್ಯಾಡ ನನ್ನವ್ವ, ನೋವು ಮ್ಯಾಲ ಬರಾಕತ್ತೈತಿ" ಎನ್ನುವುದು ಆಕೆಯ ಯಾವಾಗಿನ ಮಾತು.

ಹೊಲಿಗೆ ಯಂತ್ರದ ಮುಂದೆ ಕೂತು ಬೆನ್ನು ಹಿಡಿದಾಗಲೆಲ್ಲ ನನ್ನ ಅಕ್ಕ ಆಕೆಯ ಬಳಿ ಹೋಗಿ ಹಗುರಾಗಿ ಬರುತ್ತಿದ್ದಳು. ಹಾಗೇ ವರ್ಷಗಳು ಕಳೆದವು. ಕೊನೆಗೆ ನಡೆಯಲಾಗದೆ ಬಿದ್ದಾಗ ವಿಜಯಪುರಕ್ಕೆ ಕರೆದೊಯ್ದೆವು. ಬೆನ್ನೆಲುಬಿಗೆ ಕ್ಯಾನ್ಸರ್ ಇಳಿದಿತ್ತು. ಡಾಕ್ಟರು ಮನೆಗೆ ಕಳಿಸಿಬಿಟ್ಟರು.

ಒಂದು ಮಧ್ಯಾಹ್ನ, ಗುಳಿಗೆಗೂ ನೋವು ಜಗ್ಗದಿದ್ದಾಗ, "ಖಾಲಾನ್ನ ಕರೀರಿ" ಎಂದು ಅಕ್ಕ ಅತ್ತಳು.

ಖಾಲಾ ಬಂದು ರವಿಕೆ ಸರಿಸಿ ನೋಡಿದಳು. ಬೆನ್ನಿನಲ್ಲಿ ಮಾಂಸವೇ ಉಳಿದಿರಲಿಲ್ಲ. ಬಟ್ಟಲು ಕವುಚಿದಳು, ಜಾರಿತು. ಮತ್ತೆ ಕವುಚಿದಳು, ಮತ್ತೆ ಜಾರಿ ಹಾಸಿಗೆಗೆ ಬಿತ್ತು.

"ಹತ್ತೇತೇನ್ರಿ ಖಾಲಾ?" ಗೋಡೆಯತ್ತ ಮುಖ ಮಾಡಿದ್ದ ಅಕ್ಕ ಕೇಳಿದಳು.

ಖಾಲಾ ಖಾಲಿ ಬಟ್ಟಲನ್ನು ಎರಡೂ ಕೈಯಿಂದ ಬೆನ್ನಿಗೆ ಹಿಡಿದುಕೊಂಡು, "ಹತ್ತೇತಿ, ಛಲೋ ಹತ್ತೇತಿ" ಎಂದಳು. ಅಕ್ಕನಿಗೆ ಜೊಂಪು ಹತ್ತುವವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಅವ್ವನನ್ನು ಕೇಳಿದಳು: "ಇಷ್ಟ ವರ್ಷ ಆಕಿ ಬೆನ್ನಾಗಿಂದ ನಾ ಏನ್ ತಗದ್ನಿ, ಯವ್ವಾ?"

ಒಳಗೆ ಅಕ್ಕ ಮತ್ತೆ ನರಳತೊಡಗಿದ್ದಳು.